ಅಮ್ಮನ ಜೊತೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರದ ಲೆಕ್ಕ ಬೇರೆ, ಹೊತ್ತಿನ ಲೆಕ್ಕ ಬೇರೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರದ ದಾರಿ ಹಿಡಿದರೂ ಸುಮಾರು 14,000 ಕಿಲೋಮೀಟರ್. ಇಡೀ ಭೂಮಿಯ ಸುತ್ತಳತೆ ಸುಮಾರು 40,000. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುತ್ತಬೇಕು. ಮಕ್ಕಳು ಅಲ್ಲಿ, ಅಪ್ಪ ಅಮ್ಮ ಇಲ್ಲಿ ಅನ್ನುವ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ. ಹಾಗಾಗಿ ಈ ದೂರ ಬರೀ ಭೂಗೋಳದ ವಿಷಯ ಅಲ್ಲ.

2023ರ ಡಿಸೆಂಬರ್‌ನಲ್ಲಿ ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿರುವ ತಮ್ಮನ ಮನೆಗೆ ಬಿಟ್ಟುಬಂದೆ. ಹೋಗುವಾಗ ನೇರ ವಿಮಾನ, ಬರುವಾಗ ನಾನೊಬ್ಬಳೇ ದುಬೈ ಮೂಲಕ. ಎರಡೂ ದಾರಿ ನೋಡಿ ಆಯಿತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅನ್ನೋದು ಎಲ್ಲ ಕಡೆ ಸಿಗುತ್ತೆ. ಎಪ್ಪತ್ತನಾಲ್ಕು ವರ್ಷದ, ಮಂಡಿ ನೋವಿರುವ, ಬಿಪಿ ಮಾತ್ರೆ ತೆಗೆದುಕೊಳ್ಳುವ ಹೆಂಗಸಿಗೆ ಆ ಗಂಟೆಗಳು ಹೇಗೆ ಕಳೆಯುತ್ತವೆ ಅನ್ನೋದು ಎಲ್ಲೂ ಸಿಗಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಮೊದಲು ಟಿಕೆಟ್‌ನಲ್ಲಿ ಬರೆದಿರುವ ಸಮಯದ ಮಾತು. ಆಗ ನೇರ ವಿಮಾನ ಬೆಂಗಳೂರು ಬಿಡುತ್ತಿದ್ದದ್ದು ಮಧ್ಯಾಹ್ನ ಎರಡೂವರೆ ಸುಮಾರಿಗೆ. ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತಿದ್ದದ್ದು ಅದೇ ತಾರೀಖು ಸಂಜೆ ಐದರ ಸುಮಾರಿಗೆ. ಅಮ್ಮ ಆ ಹಾಳೆ ಹಿಡಿದುಕೊಂಡು, "ಎರಡೂವರೆ ಗಂಟೇನೇನೇ? ಇಲ್ಲಿಂದ ಬೆಂಗಳೂರಿಗೆ ಹೋಗೋಕೇ ಅಷ್ಟು ಬೇಕಲ್ಲೇ" ಅಂದಳು. ನಮ್ಮದು ಮೈಸೂರು. ಚಳಿಗಾಲದಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ ಇರುತ್ತೆ. ಇಲ್ಲಿ ಮಧ್ಯಾಹ್ನ ಎರಡೂವರೆ ಆದಾಗ ಅಲ್ಲಿ ಅದೇ ದಿನದ ನಡುರಾತ್ರಿ ಒಂದು ಗಂಟೆ. ಅಲ್ಲಿಂದ ಸಂಜೆ ಐದಕ್ಕೆ ಹದಿನಾರು ಗಂಟೆ. ವಿಮಾನದಲ್ಲಿ ಕೂತಿರಬೇಕಾದದ್ದು ಅಷ್ಟು ಹೊತ್ತು. ಇದನ್ನು ಬಿಡಿಸಿ ಹೇಳಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನಾರು ಗಂಟೆ ಕಾಲು ಕೆಳಗೆ ಬಿಟ್ಟುಕೊಂಡೇ ಕೂತ್ಕೋಬೇಕಾ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಅಲ್ಲಿಂದಲೇ ನನ್ನ ಹುಡುಕಾಟ ಶುರುವಾಯಿತು.

ಮನೆಯಲ್ಲಿ ಮಕ್ಕಳ ಗ್ಲೋಬ್ ಒಂದಿದೆ. ಹೂ ಕಟ್ಟುವ ದಾರ ತೆಗೆದುಕೊಂಡು ಮೊದಲು ಸಮಭಾಜಕ ವೃತ್ತದ ಸುತ್ತ ಸುತ್ತಿ ಅಳೆದೆ. 94 ಸೆಂಟಿಮೀಟರ್ ಬಂತು. ಅದು 40,000 ಕಿಲೋಮೀಟರ್‌ಗೆ ಸಮ. ಆಮೇಲೆ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆದೆ. ಎಳೆದ ಹಾಗೆ ದಾರ ತಾನಾಗಿಯೇ ಮೇಲಕ್ಕೆ, ಉತ್ತರಕ್ಕೆ ಜಾರಿತು. ಗೋಡೆ ಮೇಲಿನ ನಕ್ಷೆ ನೋಡಿದರೆ ಅಮೆರಿಕಕ್ಕೆ ಹೋಗೋದು ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅನ್ನಿಸುತ್ತೆ ಅಲ್ವಾ? ದಾರ ಹೇಳಿದ್ದೇ ಬೇರೆ. ಬೆಂಗಳೂರಿಂದ ನೇಪಾಳ, ಟಿಬೆಟ್, ಮಂಗೋಲಿಯಾದ ಅಂಚು, ಸೈಬೀರಿಯಾ, ಅಲ್ಲಿಂದ ಆರ್ಕ್‌ಟಿಕ್ ಸಾಗರದ ತೀರ, ಅಲಾಸ್ಕ, ಆಮೇಲೆ ಕೆಳಗಿಳಿದು ಕ್ಯಾಲಿಫೋರ್ನಿಯಾ. ದಾರದ ಉದ್ದ 33 ಸೆಂಟಿಮೀಟರ್. ಲೆಕ್ಕ ಹಾಕಿದರೆ 14,000ಕ್ಕೆ ಹತ್ತಿರ ಹತ್ತಿರ ಬಂತು. ಎರಡು ಊರು ರೇಖಾಂಶದಲ್ಲಿ ಸುಮಾರು 160 ಡಿಗ್ರಿ ದೂರ, ಹೆಚ್ಚುಕಡಿಮೆ ಭೂಮಿಯ ಆ ಬದಿ ಈ ಬದಿ. ಅದಕ್ಕೇ ಪಕ್ಕದಿಂದ ಸುತ್ತಿ ಹೋಗೋದಕ್ಕಿಂತ ನೆತ್ತಿಯ ಹತ್ತಿರ ದಾಟೋದು ಹತ್ತಿರ.

ದಾರ ಇನ್ನೂ ಕೈಯಲ್ಲೇ ಇತ್ತು, ಬೇರೆ ದಾರಿಗಳನ್ನೂ ಅಳೆದೆ, ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಯಾಗಿ ತಾಳೆ ನೋಡಿದೆ. ದುಬೈ ಮೂಲಕ ಆದರೆ ಬೆಂಗಳೂರು–ದುಬೈ 2,700, ದುಬೈ–ಸ್ಯಾನ್ ಫ್ರಾನ್ಸಿಸ್ಕೋ 13,000 ಚಿಲ್ಲರೆ, ಒಟ್ಟು 15,700ರ ಮೇಲೆ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150. ಸಿಂಗಾಪುರದ ಕಡೆಯಿಂದ ಹೋದರೆ ಮೊದಲ ಹೆಜ್ಜೆ 3,200, ಆದರೆ ಎರಡನೆಯದು 13,600. ಇದರಲ್ಲಿ ನನಗೆ ಕಂಡ ವಿಷಯ ಏನಂದ್ರೆ, ದುಬೈನಲ್ಲಿ ಇಳಿದು ಹತ್ತಿದರೂ ಉದ್ದದ ತುಂಡು ಹಾಗೇ ಉಳಿಯುತ್ತೆ. ಹದಿನಾರು ಗಂಟೆ ಕೂರೋದು ತಪ್ಪಲ್ಲ, ಅದರ ಜೊತೆಗೆ ಇನ್ನೊಂದು ನಾಲ್ಕು ಗಂಟೆಯ ವಿಮಾನ, ಮಧ್ಯೆ ಕಾಯೋದು, ಮತ್ತೆ ಬ್ಯಾಗ್ ಬಿಚ್ಚಿ ತಪಾಸಣೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಮಾತ್ರ ಪ್ರಯಾಣ ಸುಮಾರಾಗಿ ಎರಡು ಸಮಭಾಗ ಆಗುತ್ತೆ. ಕಾಲು ಚಾಚಿ ಓಡಾಡಲು ಬೇಕು ಅನ್ನುವವರಿಗೆ ಅದು ಒಳ್ಳೆಯದು. ಆದರೆ ಅಮ್ಮನಿಗೆ ಗೊತ್ತಿಲ್ಲದ ಊರಿನ ನಿಲ್ದಾಣದಲ್ಲಿ, ನಿದ್ದೆಗಣ್ಣಿನಲ್ಲಿ, ಚಳಿಯಲ್ಲಿ ಗೇಟು ಬದಲಾಯಿಸೋದು ಬೇಡ ಅನ್ನಿಸಿತು. ಟಿಕೆಟ್ ದರ ನೇರ ವಿಮಾನದಲ್ಲಿ ಜಾಸ್ತಿ ಇತ್ತು. ಆದರೂ ಅಮ್ಮನಿಗೆ ನೇರವೇ ಅಂತ ತೀರ್ಮಾನ ಮಾಡಿದೆವು. ಆಗಾಗ ಎಬ್ಬಿಸಿ ಓಡಾಡಿಸಿದರೆ ಹದಿನಾರು ಗಂಟೆ ದಾಟಬಹುದು ಅಂತ ಡಾಕ್ಟರ್ ಹೇಳಿದ್ದು ಧೈರ್ಯ ಕೊಟ್ಟಿತು. ಮೊಣಕಾಲಿನವರೆಗೆ ಬಿಗಿಯಾಗಿ ಬರುವ ಕಾಲುಚೀಲ ಹಾಕಿಸಿ, ನೀರು ಕುಡಿಸ್ತಾ ಇರಿ ಅಂತಲೂ ಹೇಳಿದ್ದರು.

ಈ ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಮೊದಲ ವಿಮಾನ ಆ ಕಡೆಯಿಂದ ಈ ಕಡೆಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ನಾಲ್ಕೂ ಜನ ಹೆಂಗಸರೇ ಪೈಲಟ್‌ಗಳು. ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದರು. ಹೊರಟದ್ದು 9ನೇ ತಾರೀಖು ರಾತ್ರಿ, ಇಳಿದದ್ದು 11ರ ಬೆಳಗಿನ ಜಾವ, ಹಾರಿದ್ದು ಮಾತ್ರ ಸುಮಾರು 17 ಗಂಟೆ. ಆವತ್ತು ಟಿವಿಯಲ್ಲಿ ಅವರು ಕೈ ಬೀಸುತ್ತಾ ಹೊರಗೆ ಬಂದದ್ದನ್ನು ಅಮ್ಮ ನೋಡಿದ್ದಳು. "ಆ ಹುಡುಗೀರು ತಂದ ವಿಮಾನವೇ ತಾನೇ?" ಅಂತ ಕೇಳಿದಳು. ಅದೇ ಎರಡು ಊರುಗಳ ನಡುವೆ, ಅದೇ ಬಗೆಯ ಬೋಯಿಂಗ್ 777-200 ಎಲ್‌ಆರ್ ವಿಮಾನ ಅಂದೆ. ಅಷ್ಟು ಸಾಕಾಯಿತು ಅವಳಿಗೆ.

ನೆಂಟರಿಗೆ ಸಾಕಾಗಲಿಲ್ಲ. ನಾವು ಹೊರಟ 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ದೂರದ ಮಗದಾನ್ ಊರಿನಲ್ಲಿ ಇಳಿದಿತ್ತು, ಇನ್ನೊಂದು ವಿಮಾನ ಹೋಗಿ ಪ್ರಯಾಣಿಕರನ್ನು ಕರೆದೊಯ್ದಿತ್ತು. "ಅಂಥ ಕಡೆ ಇಳಿಸಿಬಿಟ್ಟರೆ?" ಅಂತ ದೊಡ್ಡಮ್ಮ ಫೋನ್ ಮಾಡಿ ಕೇಳಿದರು. ಅವರ ಭಯ ಸುಳ್ಳಲ್ಲ. ಆದರೆ ಅಲ್ಲಿ ಇಳಿಸಿದ್ದು ಮುನ್ನೆಚ್ಚರಿಕೆಗೆ, ಇಳಿಯಲು ಒಂದು ಜಾಗ ಇತ್ತು ಅನ್ನೋದೇ ಮುಖ್ಯ. ಎರಡು ಇಂಜಿನ್ ವಿಮಾನದಲ್ಲಿ ಒಂದು ನಿಂತರೆ ಇನ್ನೊಂದರಲ್ಲೇ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪಬೇಕು ಅನ್ನುವ ನಿಯಮದ ಮೇಲೆಯೇ ದಾರಿ ಹಾಕುತ್ತಾರೆ. ನನ್ನ ದಾರ ಹೋದ ಹಾಗೆ ಟಿಬೆಟ್ ಮೇಲೆ ಸೀದಾ ಹೋಗೋದಿಲ್ಲ ಯಾಕೆ ಅನ್ನೋದಕ್ಕೂ ಇಂಥದ್ದೇ ಕಾರಣ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಇಳಿದರೆ ವಿಮಾನ ಬೇಗ ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು. ನಮಗೆ ಮೇಲಿನಿಂದ ಬೀಳುವ ಮುಖವಾಡದ ಆಮ್ಲಜನಕ ಬರೋದು ಹದಿನೈದು ನಿಮಿಷದ ಆಸುಪಾಸು ಅಷ್ಟೇ. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ, ಇಳಿಯೋದೆಲ್ಲಿಗೆ?

ಇನ್ನು ಗಾಳಿ. ದೂರಕ್ಕೂ ಹೊತ್ತಿಗೂ ತಾಳಮೇಳ ತಪ್ಪುವುದು ಇಲ್ಲೇ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದೂ ಉಂಟು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಬೇರೆ ವಿವರಣೆ ಬೇಡ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ ಹಾರಿಸಿತು. ದಾರಿ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಉದ್ದ ಆಯಿತು, 15,000 ದಾಟಿತು. ಆದರೂ ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಬೇಗ! ಉದ್ದದ ದಾರಿ, ಕಮ್ಮಿ ಹೊತ್ತು. ಇದನ್ನು ಓದಿದ ಮೇಲೆ ನಾನು ಕಿಲೋಮೀಟರ್ ನೋಡೋದನ್ನೇ ಬಿಟ್ಟೆ.

ಹೊರಡುವ ಹಿಂದಿನ ವಾರ ಪೂರ್ತಿ ಮಾತ್ರೆಯ ಲೆಕ್ಕ. ಅಮ್ಮ ಬಿಪಿ ಮಾತ್ರೆ ತೆಗೆದುಕೊಳ್ಳೋದು ಬೆಳಗ್ಗೆ ಏಳಕ್ಕೆ, ತಿಂಡಿಗೆ ಮುಂಚೆ. ತಾರೀಖು ಹಿಂದೆ ಮುಂದೆ ಆಗುವ ಪ್ರಯಾಣದಲ್ಲಿ "ನಾಳೆ ಬೆಳಗ್ಗೆ" ಅಂದರೆ ಯಾವಾಗ? ನಮ್ಮ ಡಾಕ್ಟರ್ ಬಹಳ ಸುಲಭ ಮಾಡಿಕೊಟ್ಟರು. ಒಂದು ಕೈಗಡಿಯಾರವನ್ನು ಮೈಸೂರಿನ ಟೈಮಿನಲ್ಲೇ ಬಿಡಿ, ಪ್ರಯಾಣ ಮುಗಿಯೋವರೆಗೂ ಅದನ್ನು ನೋಡಿಯೇ ಮಾತ್ರೆ ಕೊಡಿ, ಅಲ್ಲಿ ಹೋದ ಮೇಲೆ ಹೇಗೆ ಸರಿಸಬೇಕು ಅಂತ ಬರೆದುಕೊಡ್ತೀನಿ ಅಂದರು. ಅಮ್ಮನ ಎಚ್‌ಎಂಟಿ ಗಡಿಯಾರ ಆ ಕೆಲಸಕ್ಕೆ ಬಂತು. ಒಬ್ಬೊಬ್ಬರ ಮಾತ್ರೆ ಒಂದೊಂದು ಥರ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಸೂಕ್ಷ್ಮ, ನಿಮ್ಮ ಡಾಕ್ಟರನ್ನು ಕೇಳದೆ ಹೊರಡಬೇಡಿ. ಮಾತ್ರೆ ಕೈಚೀಲದಲ್ಲಿ, ಚೀಟಿ ಅದರ ಜೊತೆಯಲ್ಲೇ ಇರಲಿ. ಸೂಟ್‌ಕೇಸ್‌ಗೆ ಹಾಕಲೇಬೇಡಿ.

ತಿಂಡಿ ತೀರ್ಥದ ವಿಷಯದಲ್ಲಿ ಒಂದು ಸಣ್ಣ ಜಗಳವೂ ಆಯಿತು. ಒಬ್ಬೊಬ್ಬರಿಗೆ 23 ಕೆಜಿಯ ಎರಡು ಸೂಟ್‌ಕೇಸ್. ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಕೋಡುಬಳೆ ಎಲ್ಲ ಸರಿ. ಅಮ್ಮ ಹಿತ್ತಲಿನ ಕರಿಬೇವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಹಸಿ ಕರಿಬೇವು ಅಮೆರಿಕದೊಳಗೆ ಬಿಡೋದಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಹುಳ ಅದರ ಜೊತೆ ಬರುತ್ತೆ ಅಂತ. "ನಾಲ್ಕು ಎಸಳು ಕಣೇ" ಅಂತ ಎಷ್ಟು ಕೇಳಿದರೂ ತೆಗೆಸಿದೆ.

ಹೊರಟ ದಿನ ಬೆಳಗ್ಗೆ ಆರಕ್ಕೆ ಮನೆ ಬಿಟ್ಟೆವು. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ನೇರವಾಗಿ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಚೆನ್ನಾಗಿದೆ, ಆದರೆ ಸೂಟ್‌ಕೇಸ್‌ಗಳು ಮತ್ತು ಅಮ್ಮನ ಮಂಡಿ ಎರಡನ್ನೂ ನೋಡಿ ಕಾರು ಮಾಡಿದೆವು. ಹೊಸ ಹೆದ್ದಾರಿ ಆದಮೇಲೆ ಬೆಂಗಳೂರಿನ ಬಾಗಿಲಿಗೆ ಬೇಗ ಬಂದುಬಿಡಬಹುದು. ಅಲ್ಲಿಂದ ದೇವನಹಳ್ಳಿ ತಲುಪೋದೇ ಕಷ್ಟ. 180 ಕಿಲೋಮೀಟರ್ ಚಿಲ್ಲರೆ ದೂರಕ್ಕೆ ನಾಲ್ಕೂವರೆ ಗಂಟೆ. ಇದನ್ನು ಯಾವ ಟಿಕೆಟ್‌ನಲ್ಲೂ ಹಾಕಿರೋದಿಲ್ಲ, ನಾವೇ ಸೇರಿಸಿಕೊಳ್ಳಬೇಕು.

ಆ ಸೆಪ್ಟೆಂಬರ್‌ನಲ್ಲಷ್ಟೇ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬಂದಿದ್ದವು. ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು. ಅಮ್ಮನಿಗೆ ಗಾಲಿ ಕುರ್ಚಿ ಟಿಕೆಟ್ ಮಾಡುವಾಗಲೇ ಹೇಳಿಟ್ಟಿದ್ದೆ. ಮೊದಲು "ನಾನೇನು ಕಾಯಿಲೆಯವಳಾ" ಅಂತ ಒಪ್ಪಿರಲಿಲ್ಲ. ಕುರ್ಚಿ ತಳ್ಳಲು ಬಂದ ಹುಡುಗ ಕೊಪ್ಪಳದ ಕಡೆಯವನು. "ಕುಂದರ್ರಿ ಅಮ್ಮಾರ, ಒಳಗ ಭಾಳ ದೂರ ಐತ್ರಿ" ಅಂದ. ಕೂತಳು. ಚೆಕ್ ಇನ್, ಇಮಿಗ್ರೇಷನ್, ತಪಾಸಣೆ ಎಲ್ಲ ಕಡೆ ಪಕ್ಕದ ಸಾಲಿನಲ್ಲಿ ಕರೆದುಕೊಂಡು ಹೋದ, ಗೇಟಿನವರೆಗೂ ಬಿಟ್ಟ. ವಯಸ್ಸಾದವರಿಗೆ ವಿಮಾನದೊಳಗೆ ಕೂರೋದಕ್ಕಿಂತ ನಿಲ್ದಾಣದಲ್ಲಿ ನಿಲ್ಲೋದು, ನಡೆಯೋದು ಜಾಸ್ತಿ ಸುಸ್ತು. ಗಾಲಿ ಕುರ್ಚಿ ಕೇಳಲು ಸಂಕೋಚ ಬೇಡವೇ ಬೇಡ.

ವಿಮಾನ ಹೊರಟ ಮೇಲೆ ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತೆ. ನನ್ನ ದಾರ ತೋರಿಸಿದ ದಾರಿಯಲ್ಲಿ ಅದು ಹೋಗಲಿಲ್ಲ. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್, ಆಮೇಲೆ ಪೆಸಿಫಿಕ್. ಈ ದಾರಿ ಸುಮಾರು 900 ಕಿಲೋಮೀಟರ್ ಜಾಸ್ತಿ. ಆದರೆ ಪೂರ್ವಕ್ಕೆ ಹೋಗುವಾಗ ಗಾಳಿ ಬೆನ್ನಿಗೆ ಇರುತ್ತಲ್ಲ, ಜಪಾನ್ ದಾಟಿದ ಮೇಲೆ ಪರದೆಯಲ್ಲಿ ವೇಗ ಗಂಟೆಗೆ 1,100 ಕಿಲೋಮೀಟರ್ ತೋರಿಸಿತು. ಗಾಳಿ ಇಲ್ಲದಿದ್ದರೆ 900ರ ಆಸುಪಾಸು ಇರಬೇಕಾದದ್ದು. ಓದಿ ತಿಳಿದಿದ್ದೆ, ಆದರೂ ಆ ಅಂಕಿ ಕಣ್ಣೆದುರು ಏರುವುದನ್ನು ನೋಡುವಾಗ ಮೈ ಜುಂ ಎಂದಿತು.

ಸೂರ್ಯನ ಲೆಕ್ಕ ಇನ್ನೂ ಚೆಂದ. ಮಧ್ಯಾಹ್ನ ಹೊರಟು ಪೂರ್ವಕ್ಕೆ ಓಡುತ್ತಿದ್ದೆವಲ್ಲ, ಊಟದ ತಟ್ಟೆ ತೆಗೆಯುವಷ್ಟರಲ್ಲೇ ಕತ್ತಲಾಗುತ್ತಾ ಬಂತು. ಏಳೆಂಟು ಗಂಟೆಯ ರಾತ್ರಿ. ಪೆಸಿಫಿಕ್‌ನ ನಟ್ಟನಡುವೆ ತಾರೀಖು ರೇಖೆಯ ಆಸುಪಾಸಿನಲ್ಲಿ ಬೆಳಕು ಹರಿಯಿತು, ಆದರೆ ಅದು ಮಾರನೇ ದಿನದ ಬೆಳಗಲ್ಲ, ರೇಖೆ ದಾಟಿದರೆ ಮತ್ತೆ ಹೊರಟ ದಿನದ್ದೇ ಬೆಳಗು. ಇಳಿಯುವಾಗ ಅದೇ ತಾರೀಖಿನ ಇನ್ನೊಂದು ಸಂಜೆ. ಒಂದೇ ದಿನದಲ್ಲಿ ಎರಡು ಸಲ ಸೂರ್ಯ ಮುಳುಗಿದ್ದನ್ನು ಅಮ್ಮ ಕಿಟಕಿಯಿಂದ ನೋಡಿದಳು. "ಸಂಧ್ಯಾದೀಪ ಎರಡು ಸಲ ಹಚ್ಚಬೇಕಾ ಹಾಗಾದರೆ?" ಅಂತ ನಿಜವಾಗಿಯೇ ಕೇಳಿದಳು. ಹತ್ತುವುದಕ್ಕೂ ಇಳಿಯುವುದಕ್ಕೂ ನಡುವೆ ಅವಳನ್ನು ಎಬ್ಬಿಸಿ ಹಿಂದಿನ ಅಡುಗೆ ಜಾಗದವರೆಗೆ ನಡೆಸುತ್ತಿದ್ದೆ. ಅಲ್ಲಿ ಇನ್ನೂ ಕೆಲವು ಅಮ್ಮಂದಿರು ಕಾಲಾಡಿಸುತ್ತಾ ನಿಂತಿರುತ್ತಿದ್ದರು. ಒಬ್ಬರು ದಾವಣಗೆರೆಯವರು, ಮಗಳ ಬಾಣಂತನಕ್ಕೆ ಹೊರಟವರು. ಅಮ್ಮನಿಗೂ ಅವರಿಗೂ ಮಾತು ಹತ್ತಿ, ಆ ಮೇಲಿನ ಮೂರ್ನಾಲ್ಕು ಗಂಟೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ.

ಹಾರಿದ್ದು ಹದಿನೈದು ಗಂಟೆ ನಲವತ್ತು ನಿಮಿಷ. ಇಳಿದಾಗ ಅಲ್ಲಿ ಸಂಜೆ ಐದಾಗಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಇಮಿಗ್ರೇಷನ್ ಸಾಲಿನಲ್ಲಿ ಇರುವಾಗ ಅಮ್ಮನ ಕೈಗಡಿಯಾರ ಏಳು ತೋರಿಸಿತು, ಮೈಸೂರಿನ ಬೆಳಗ್ಗೆ ಏಳು. ಅಲ್ಲೇ ಬ್ಯಾಗ್ ಬಿಚ್ಚಿ ಮಾತ್ರೆ ಕೊಟ್ಟೆ, ಬಾಟಲಿ ನೀರು ಕುಡಿದಳು. ಅಧಿಕಾರಿ ಯಾರ ಮನೆಗೆ, ಎಷ್ಟು ದಿನ ಅಂತ ಕೇಳಿದರು. ನಾನು ಹೇಳಿದೆ. ಆರು ತಿಂಗಳು ಇರಬಹುದು ಅಂತ ಮುದ್ರೆ ಬಿತ್ತು. ಸಾಮಾನು ಬರುವುದು, ಕಸ್ಟಮ್ಸ್, ಆಮೇಲೆ ತಮ್ಮನ ಕಾರಿನಲ್ಲಿ ಕೊಲ್ಲಿಯ ಸೇತುವೆ ದಾಟಿ ಫ್ರೀಮಾಂಟ್. ಮನೆ ಮುಟ್ಟಿದಾಗ ಏಳು ಗಂಟೆ. ಮೈಸೂರಿನ ಬಾಗಿಲಿಂದ ಫ್ರೀಮಾಂಟ್‌ನ ಬಾಗಿಲಿಗೆ ಇಪ್ಪತ್ತಾರೂವರೆ ಗಂಟೆ. ಅದರಲ್ಲಿ ಹನ್ನೊಂದು ಗಂಟೆ ನೆಲದ ಮೇಲೇ ಕಳೆದದ್ದು. ನೇರ ವಿಮಾನದಲ್ಲೇ ಹೀಗೆ.

ಮೊದಲ ಕೆಲವು ದಿನ ಅಮ್ಮ ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದಳು, ಮಧ್ಯಾಹ್ನ ಕಣ್ಣು ಬಿಡಲು ಆಗುತ್ತಿರಲಿಲ್ಲ. ಬೆಳಗ್ಗೆ ಬಿಸಿಲಿನಲ್ಲಿ ತಮ್ಮನ ಹೆಂಡತಿ ದಿನಾ ನಡೆಸಿಕೊಂಡು ಬಂದಳು, ಅದರಿಂದಲೇ ಸರಿಹೋಯಿತು ಅನ್ನೋದು ನನ್ನ ನಂಬಿಕೆ. ಅಷ್ಟರಲ್ಲಿ ವೈಕುಂಠ ಏಕಾದಶಿ ಬಂತು. ಇಲ್ಲಿಂದ ತಂದಿದ್ದ ಪಂಚಾಂಗದಲ್ಲಿ ಡಿಸೆಂಬರ್ 23 ಅಂತಿತ್ತು, ಅಲ್ಲಿ ಮಾಡೋದು 22ಕ್ಕೆ. ಅಮ್ಮನಿಗೆ ಸಂಕಟ. ಕೂರಿಸಿಕೊಂಡು ಬಿಡಿಸಿ ಹೇಳಿದೆ. ತಿಥಿ ಅಂದರೆ ಸೂರ್ಯ ಚಂದ್ರರ ನಡುವಿನ ಅಂತರ ಹನ್ನೆರಡು ಡಿಗ್ರಿ ಬದಲಾಗುವ ಹೊತ್ತು. ಅದು ಲೋಕಕ್ಕೆಲ್ಲ ಒಂದೇ ಗಳಿಗೆಯಲ್ಲಿ ಶುರುವಾಗಿ ಒಂದೇ ಗಳಿಗೆಯಲ್ಲಿ ಮುಗಿಯುತ್ತೆ. ಆದರೆ ವ್ರತ ಮಾಡೋದು ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆ ಅಂತ ನೋಡಿ. ಮೈಸೂರಿನಲ್ಲಿ 23ರ ಬೆಳಗ್ಗೆ ಸೂರ್ಯ ಹುಟ್ಟುವಾಗ ಏಕಾದಶಿ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ ಇನ್ನೂ 22ರ ಸಂಜೆ, ಅಲ್ಲಿಯ 22ರ ಸೂರ್ಯೋದಯದ ಹೊತ್ತಿಗೇ ಏಕಾದಶಿ ಬಂದಾಗಿತ್ತು. ಎರಡೂ ಸರಿ. ಹದಿಮೂರೂವರೆ ಗಂಟೆ ಅಂದರೆ ಏನು ಅಂತ ಅಮ್ಮನಿಗೆ ಪೂರ್ತಿ ಹೊಳೆದದ್ದು ಆವತ್ತು. ಉಪವಾಸ 22ಕ್ಕೇ ಮಾಡಿದಳು, ದೇವಸ್ಥಾನಕ್ಕೂ ಹೋಗಿಬಂದೆವು.

ನಾನು ವಾಪಸು ಹೊರಟದ್ದು ಜನವರಿ ಮೊದಲ ವಾರ. ನೇರ ವಿಮಾನ ವಾರದಲ್ಲಿ ಕೆಲವು ದಿನ ಮಾತ್ರ ಇತ್ತು, ನನ್ನ ರಜೆಗೆ ಹೊಂದಲಿಲ್ಲ. ದುಬೈ ಮೂಲಕ ಟಿಕೆಟ್ ಅಗ್ಗಕ್ಕೂ ಸಿಕ್ಕಿತು. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ದಾರ ಎಳೆದರೆ ಅದು ಉತ್ತರ ಧ್ರುವದಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲೇ ಹೋಗುತ್ತೆ, ಬೆಂಗಳೂರಿನ ದಾರಿಗಿಂತ ಎಷ್ಟೋ ಮೇಲೆ. ನಾವು ಕೆನಡಾ ಮೇಲೆ ಉತ್ತರಕ್ಕೆ ಏರಿ, ಧ್ರುವದ ಕಡೆಯಿಂದ ರಷ್ಯಾಕ್ಕೆ ಇಳಿದು, ಕಜಕಿಸ್ತಾನ, ಇರಾನ್ ದಾಟಿ ಬಂದೆವು. ಜನವರಿಯಲ್ಲಿ ಧ್ರುವದ ಸುತ್ತ ಸೂರ್ಯ ಹುಟ್ಟೋದೇ ಇಲ್ಲ. ಹೊರಟ ಸ್ವಲ್ಪ ಹೊತ್ತಿಗೆ ಕತ್ತಲಾದದ್ದು ಗಂಟೆಗಟ್ಟಲೆ ಹಾಗೇ ಇತ್ತು. ರಷ್ಯಾದ ಮೇಲೆ ಬಂದಮೇಲೆ ಚಿಕ್ಕ ಹಗಲೊಂದು ಸಿಕ್ಕಿ, ದುಬೈ ಇಳಿಯುವಾಗ ಮತ್ತೆ ರಾತ್ರಿ. ಹೊರಗಿನ ಚಳಿ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ ಅಂತ ಪರದೆಯಲ್ಲಿ ಬರುತ್ತಿತ್ತು. ವಿಮಾನದ ಇಂಧನ, ಅದರ ಬಗೆಯ ಮೇಲೆ, ಸೊನ್ನೆಗಿಂತ 40ರಿಂದ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತೆ. ಅದಕ್ಕೇ ಇಂಥ ದಾರಿಯಲ್ಲಿ ಟ್ಯಾಂಕಿನ ಉಷ್ಣಾಂಶದ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರುತ್ತಾರೆ, ಬೇಕಾದರೆ ಎತ್ತರ ಇಳಿಸಿಯೋ ವೇಗ ಏರಿಸಿಯೋ ಸರಿ ಮಾಡುತ್ತಾರೆ. ಇಂಥ ಜಾಗದ ಮೇಲೆ ನೂರಾರು ಜನ ಕಂಬಳಿ ಹೊದ್ದು ಮಲಗಿಕೊಂಡು ಹೋಗ್ತೀವಲ್ಲ, ನನಗೆ ಅದು ಈಗಲೂ ದೊಡ್ಡ ವಿಷಯ.

ದುಬೈನಲ್ಲಿ ಸಿಕ್ಕಿದ್ದು ಎರಡು ಗಂಟೆ ಚಿಲ್ಲರೆ. ಮತ್ತೆ ತಪಾಸಣೆ, ಆಮೇಲೆ ಉದ್ದದ ನಡಿಗೆ, ಆಮೇಲೆ ಇನ್ನೊಂದು ಗೇಟು. ನನ್ನ ಕಾಲಿಗೆ ಅದು ಹಿತವಾಗಿಯೇ ಇತ್ತು. ಆದರೆ ಗಾಲಿ ಕುರ್ಚಿಗಾಗಿ ಕಾಯುತ್ತಾ ಕೂತಿದ್ದ ಹಿರಿಯರನ್ನು ನೋಡಿದೆ, ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಮ್ಮನನ್ನು ನೇರ ಕರೆದುಕೊಂಡು ಹೋದದ್ದೇ ಒಳ್ಳೆಯದಾಯಿತು ಅನ್ನಿಸಿತು. ಬೆಂಗಳೂರಿನಲ್ಲಿ ಇಳಿದಾಗ ಬೆಳಗಿನ ಜಾವ ಮೂರು. ಫ್ಲೈಬಸ್ ಹಿಡಿದು ಮನೆ ಸೇರಿದಾಗ ಒಂಬತ್ತೂವರೆ. ಶುಕ್ರವಾರ ಮಧ್ಯಾಹ್ನ ಫ್ರೀಮಾಂಟ್ ಬಿಟ್ಟವಳು ಭಾನುವಾರ ಬೆಳಗ್ಗೆ ಮೈಸೂರಿನಲ್ಲಿ. ಕ್ಯಾಲೆಂಡರ್ ನೋಡಿದರೆ ಎರಡು ದಿನ, ನಿಜವಾಗಿ 32 ಗಂಟೆ. ಹೋಗುವಾಗಿನದಕ್ಕೆ ಹೋಲಿಸಿದರೆ ಐದೂವರೆ ಗಂಟೆ ಜಾಸ್ತಿ. ನನ್ನೊಬ್ಬಳ ಮಟ್ಟಿಗೆ ಉಳಿದ ದುಡ್ಡಿಗೆ ಇದು ಪರವಾಗಿಲ್ಲ, ಮುಂದೆಯೂ ಹೀಗೇ ಹೋದೇನು.

ಅಮ್ಮ ವಾಪಸು ಬರೋದು 2024ರ ಮೇ ತಿಂಗಳಲ್ಲಿ, ತಮ್ಮನೇ ಕರೆದುಕೊಂಡು ಬರ್ತಾನೆ. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದಾರೆ, ಹಾಗಾಗಿ ಈಗ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಫೋನಿಗೆ ಒಳ್ಳೆಯದು, ಅವಳ ರಾತ್ರಿ ಊಟದ ಹೊತ್ತಿಗೆ ನನ್ನ ಬೆಳಗಿನ ಕಾಫಿ. ಈ ಕಡೆ ಬರುವಾಗ ಗಾಳಿಯ ಸಹಾಯ ಅಷ್ಟು ಇರೋದಿಲ್ಲ, ಹದಿನೇಳು ಗಂಟೆ ಆಗಬಹುದು. ಪ್ರಯಾಣವನ್ನು ಎರಡು ತುಂಡು ಮಾಡಿಸೋಣವಾ ಅಂತ ತಮ್ಮ ಕೇಳಿದ. ಬೇಡ, ನೇರ ವಿಮಾನವೇ ಮಾಡು, ಅಮ್ಮನಿಗೆ ನಡುದಾರಿಯ ಪಕ್ಕದ ಸೀಟು ತಗೋ, ಶೌಚಾಲಯ ಹತ್ತಿರ ಇರಲಿ ಆದರೆ ಬಾಗಿಲ ಎದುರಿಗೇ ಬೇಡ ಅಂದೆ. ಬೆಳಗಿನ ಜಾವ ಇಳಿದರೆ ಆಗಲೇ ಮೈಸೂರಿಗೆ ಹೊರಡೋದೂ ಬೇಡ. ಯಲಹಂಕದ ಚಿಕ್ಕಮ್ಮನ ಮನೆಯಲ್ಲಿ ಮಧ್ಯಾಹ್ನದವರೆಗೂ ಮಲಗಿ, ಊಟ ಮಾಡಿಕೊಂಡು ಬರಲಿ. ಚಿಕ್ಕಮ್ಮನಿಗೂ ಹೇಳಿದ್ದೇನೆ, ಕಾರಿನವರಿಗೂ ಹೇಳಿದ್ದೇನೆ.